ಬಚ್ಚಲ ನೀರು ಮತ್ತು ಭಕ್ತನ ಮಡಿ

ವೀರಶೈವ ಧರ್ಮದಲ್ಲಿ ನೀರಿಗೆ ಇರುವ ಸ್ಥಾನವು ಬಹು ದೊಡ್ಡದು. ಗುರು, ಲಿಂಗ, ಜಂಗಮ, ವಿಭೂತಿ, ರುದ್ರಾಕ್ಷಿ, ಮಂತ್ರ, ಪಾದೋದಕ, ಪ್ರಸಾದ ಎಂಬ ಅಷ್ಟಾವರಣಗಳೊಳಗೆ ನೀರು ತಾನೂ ಒಂದು ಆವರಣವಾಗಿ ಭಕ್ತನ ಬಾಳನ್ನು ಕಾಯುತ್ತದೆ. ಪೂಜೆಯ ಹೊತ್ತಿನಲ್ಲಿ ಪಾದೋದಕವನ್ನು ಸ್ವೀಕರಿಸುವ ಭಕ್ತನು ಒಂದು ಹನಿಯೂ ನೆಲಕ್ಕೆ ಬೀಳದಂತೆ ಎಚ್ಚರ ವಹಿಸುತ್ತಾನೆ. ಅಂಗೈಯಲ್ಲಿ ನಿಂತ ಆ ನೀರು ಅವನಿಗೆ ಬರಿಯ ನೀರಲ್ಲ. ಶಿವನ ಕರುಣೆಯೇ ನೀರಾಗಿ ಬಂದುದು.

ಅದೇ ಭಕ್ತನ ಮನೆಯ ಹಿತ್ತಲಿಗೆ ಹೋಗಿ ನೋಡಿದರೆ ಕಾಣುವ ನೋಟವೇ ಬೇರೆ. ಪೂಜೆಗೆ ಮುನ್ನ ಅವನು ಮಿಂದ ನೀರು, ಪ್ರಸಾದ ಮುಗಿದ ಬಳಿಕ ತಾಟು ತೊಳೆದ ನೀರು, ಬಟ್ಟೆ ಒಗೆದ ನೀರು, ಎಲ್ಲವೂ ಬಚ್ಚಲ ತೂಬಿನಿಂದ ಹೊರಟು ಬೀದಿಗಿಳಿದು, ಗೋಡೆಯ ಮಗ್ಗುಲಲ್ಲಿ ಕಪ್ಪಗೆ ಕೊಳೆತು ನಿಂತಿರುತ್ತದೆ. ಅಂಗೈಯ ಒಂದು ಹನಿಗೆ ಅಷ್ಟು ಎಚ್ಚರ; ಹಿತ್ತಲ ಹತ್ತಾರು ಕೊಡಗಳಿಗೆ ಎಚ್ಚರವೇ ಇಲ್ಲ. ಪೂಜೆಯ ನೀರು ಬೇರೆ, ಬಚ್ಚಲ ನೀರು ಬೇರೆ ಎಂದು ಹೇಳಬಹುದು. ಆದರೆ ಎರಡೂ ಬಂದುದು ಒಂದೇ ಕೊಡದಿಂದ, ಒಂದೇ ಬಾವಿಯಿಂದ. ಬರುವಾಗ ಶಿವನ ಕರುಣೆಯಾಗಿದ್ದ ನೀರು ಹೋಗುವಾಗ ಯಾರಿಗೂ ಬೇಡವಾದ ಹೊಲಸಾಗುವುದಾದರೆ, ಅದನ್ನು ಹಾಗೆ ಮಾಡಿದ ಕೈಗಳು ಯಾರವು ಎಂಬುದನ್ನು ಕೇಳಿಕೊಳ್ಳಲೇಬೇಕು.

ಹಿಂದಿನ ಕಾಲದಲ್ಲಿ ಈ ಪ್ರಶ್ನೆಯು ಇಷ್ಟು ಕಠಿನವಾಗಿರಲಿಲ್ಲ. ಹೆಣ್ಣುಮಕ್ಕಳು ಬಾವಿಯಿಂದ ಸೇದಿ, ಸೊಂಟದ ಮೇಲೆ ಹೊತ್ತು ತಂದ ನೀರು ಮಿತವಾಗಿರುತ್ತಿತ್ತು. ಬಳಸಿ ಉಳಿದುದು ಹಿತ್ತಲ ಬಾಳೆಯ ಬುಡಕ್ಕೂ ಕರಿಬೇವಿನ ಗಿಡಕ್ಕೂ ಸರಿಹೋಗುತ್ತಿತ್ತು. ಈಗ ಮನೆಮನೆಗೆ ನಲ್ಲಿ ಬಂದಿದೆ. 2019ರ ಆಗಸ್ಟ್ 15ರಂದು ಸಾರಲಾದ ಜಲಜೀವನ ಯೋಜನೆಯು ಹಳ್ಳಿಯ ಪ್ರತಿಯೊಬ್ಬರಿಗೂ ದಿನಕ್ಕೆ 55 ಲೀಟರು ನೀರನ್ನು ಗೊತ್ತುಪಡಿಸಿತು. ಇದು ಒಳ್ಳೆಯ ಕಾರ್ಯ. ಎಷ್ಟೋ ತಾಯಂದಿರ ನಡು ನೋವನ್ನು ಇಳಿಸಿದ ಪುಣ್ಯಕಾರ್ಯ. ಆದರೆ ಲೆಕ್ಕವನ್ನು ಪೂರ್ತಿ ಹಾಕಬೇಕು. ಐದು ಜನರ ಮನೆಗೆ 275 ಲೀಟರು ಒಳಗೆ ಬಂದರೆ ಅದರಲ್ಲಿ ಮುಕ್ಕಾಲು ಪಾಲು, ಎಂದರೆ ಸುಮಾರು 200 ಲೀಟರು, ಕೊಳೆಯನ್ನು ಹೊತ್ತು ಹೊರಗೆ ಹೋಗುತ್ತದೆ. ಇನ್ನೂರು ಮನೆಗಳ ಊರಿಗೆ ದಿನವೊಂದಕ್ಕೆ 40,000 ಲೀಟರು. ನೀರು ಬರುವ ದಾರಿಗೆ ಪೂಜೆ ನಡೆಯಿತು, ತೆಂಗಿನಕಾಯಿ ಒಡೆಯಿತು; ನೀರು ಹೋಗುವ ದಾರಿಯನ್ನು ಬಹಳ ಊರುಗಳಲ್ಲಿ ಯಾರೂ ನೆನೆಯಲಿಲ್ಲ.

ನೆನೆಯದಿದ್ದರೂ ನೀರು ತನ್ನ ದಾರಿಯನ್ನು ತಾನೇ ಹುಡುಕಿಕೊಳ್ಳುತ್ತದೆ. ಅದು ಇಳಿಜಾರಿಗೆ ಹರಿಯುತ್ತದೆ. ನೀರಿಗೆ ಜಾತಿಯಿಲ್ಲ, ಆದರೆ ಊರು ಕಟ್ಟಿದವರಿಗೆ ಜಾತಿಯಿತ್ತು. ಎತ್ತರದಲ್ಲಿ ಯಾರ ಮನೆಗಳು, ತಗ್ಗಿನಲ್ಲಿ ಯಾರ ಕೇರಿ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲಿನ ಬೀದಿಯಲ್ಲಿ ಮಿಂದವರ ಕೊಳೆಯು ಕೆಳಗಿನ ಕೇರಿಯ ಬಾಗಿಲ ಮುಂದೆ ನಿಲ್ಲುತ್ತದೆ. ಅಲ್ಲಿಯ ಮಕ್ಕಳು ಅದನ್ನು ದಾಟಿ ಶಾಲೆಗೆ ಹೋಗುತ್ತಾರೆ. ಹಾಗೆ ನಿಂತ ಕೊಳಚೆಯಲ್ಲಿ ಕ್ಯೂಲೆಕ್ಸ್ ಜಾತಿಯ ಸೊಳ್ಳೆಯು ಮೊಟ್ಟೆಯಿಡುತ್ತದೆ. ಬೀದರ, ಕಲಬುರ್ಗಿ, ರಾಯಚೂರು ಸೀಮೆಗಳನ್ನು ಬಹುಕಾಲ ಕಾಡಿದ ಆನೆಕಾಲು ರೋಗವನ್ನು ಮನುಷ್ಯನಿಂದ ಮನುಷ್ಯನಿಗೆ ಸಾಗಿಸುವುದು ಈ ಸೊಳ್ಳೆಯೇ. ಹರಿದ ನೀರು ಕೆರೆಗೆ ಸೇರಿದರೆ ಕೆರೆ ಕೆಡುತ್ತದೆ. ಮಲದೊಡನೆ ನೆಲಕ್ಕಿಳಿದು ಬಾವಿಯನ್ನು ಮುಟ್ಟಿದರೆ ವಾಂತಿಭೇದಿ, ವಿಷಮಜ್ವರ, ಕಾಮಾಲೆಗಳು ಮನೆ ಹೊಗುತ್ತವೆ. ಬಾವಿಯ ನೀರಿನಲ್ಲಿ ನೈಟ್ರೇಟು ಲೀಟರಿಗೆ 45 ಮಿಲಿಗ್ರಾಮನ್ನು ಮೀರಬಾರದೆಂದು ಈ ದೇಶದ ಕಟ್ಟಳೆಯುಂಟು. ಅದು ಬಹಳವಾಗಿ ಮೀರಿದಲ್ಲಿ ಎಳೆಗೂಸುಗಳ ರಕ್ತವು ಆಮ್ಲಜನಕವನ್ನು ಹೊರುವ ಶಕ್ತಿಯನ್ನು ಕಳೆದುಕೊಂಡು ಮೈ ನೀಲಿಗಟ್ಟುವುದುಂಟು. ಮೇಲಿನ ಬೀದಿಯ ತೊಟ್ಟಿಲಿಗೂ ಕೆಳಗಿನ ಕೇರಿಯ ತೊಟ್ಟಿಲಿಗೂ ಆ ನೀರು ಭೇದವೆಣಿಸದು.

ಇಲ್ಲಿ ಶರಣಧರ್ಮದ ಒಂದು ಮುಖ್ಯ ತತ್ತ್ವವನ್ನು ಸರಿಯಾಗಿ ತಿಳಿಯಬೇಕಾಗಿದೆ. ಲಿಂಗವಂತನಿಗೆ ಪಂಚಸೂತಕಗಳಿಲ್ಲ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು ಶರಣರು ಅಳಿಸಿಹಾಕಿದರು. ಮನುಷ್ಯನನ್ನು ಮನುಷ್ಯನಿಂದ ದೂರಮಾಡುವ ಮೈಲಿಗೆಯು ಸುಳ್ಳೆಂದು ಸಾರಿದರು. ಇದು ಅವರು ಲೋಕಕ್ಕಿತ್ತ ದೊಡ್ಡ ಬಿಡುಗಡೆ. ಆದರೆ ಸೂತಕವಿಲ್ಲವೆಂದರೆ ಹೊಲಸೂ ಇಲ್ಲವೆಂದು ಅರ್ಥವಲ್ಲ. ಸೂತಕವು ಮನಸ್ಸಿನ ಭ್ರಮೆ, ರೋಗಾಣುವು ಭ್ರಮೆಯಲ್ಲ. ಸುಳ್ಳು ಮೈಲಿಗೆಯನ್ನು ಬಿಡಬೇಕು, ನಿಜವಾದ ಕೊಳೆಯನ್ನು ತೊಳೆಯಬೇಕು. ಇಂದಿನ ಊರುಗಳಲ್ಲಿ ನಡೆದಿರುವುದು ಇದಕ್ಕೆ ತಿರುಗುಮುರುಗು. ಚರಂಡಿಯಲ್ಲಿ ಕೈಯಿಡುವವನನ್ನು ಕೀಳೆಂದು ಕಾಣುವ ಸುಳ್ಳು ಮೈಲಿಗೆಯು ಹಾಗೆಯೇ ಉಳಿದಿದೆ. ಚರಂಡಿಯ ನಿಜವಾದ ಕೊಳೆಯೂ ಹಾಗೆಯೇ ಉಳಿದಿದೆ. ಬಿಡಬೇಕಾದುದನ್ನು ಹಿಡಿದು, ತೊಳೆಯಬೇಕಾದುದನ್ನು ಬಿಟ್ಟವನು ಎಷ್ಟು ಕೊಡ ನೀರು ಸುರಿದುಕೊಂಡರೂ ಅವನಿಗೆ ಮಡಿ ಎಲ್ಲಿಯದು? ತನ್ನ ಕೊಳೆಯನ್ನು ಇನ್ನೊಬ್ಬನ ಅಂಗಳಕ್ಕೆ ನೂಕಿ ಪೂಜೆಗೆ ಕುಳಿತವನ ಸ್ನಾನವು ಮುಗಿದಿಲ್ಲ. ಆ ನೀರು ಯಾರಿಗೂ ಕೇಡಾಗದಂತೆ ಮಣ್ಣನ್ನು ಸೇರಿದಾಗಲೇ ಅದು ಮುಗಿಯುವುದು.

“ಇದು ಪಂಚಾಯತಿಯ ಕೆಲಸ, ಭಕ್ತಿಗೂ ಬಚ್ಚಲಿಗೂ ಏನು ನಂಟು?” ಎಂದು ಕೇಳುವವರುಂಟು. ಪಂಚಾಯತಿಯ ಹೊಣೆ ಪಂಚಾಯತಿಗೆ ಇದ್ದೇ ಇದೆ. ಅದನ್ನು ಕೇಳಿ ಮಾಡಿಸಿಕೊಳ್ಳುವುದೂ ಧರ್ಮವೇ. ಆದರೆ ಕಲ್ಯಾಣದ ಶರಣರು ಕೊಳೆಯ ಕೆಲಸವನ್ನು ಭಕ್ತಿಯಿಂದ ಬೇರ್ಪಡಿಸಲಿಲ್ಲ. ಸತ್ಯಕ್ಕನ ಕಾಯಕವು ಶಿವಭಕ್ತರ ಮನೆಯಂಗಳವನ್ನು ಗುಡಿಸುವುದು. ಕೈಯಲ್ಲಿ ಕಸಬರಿಗೆ ಹಿಡಿದ ಆ ತಾಯಿಯು ವಚನಗಳನ್ನೂ ನುಡಿದಳು. ಮಡಿವಾಳ ಮಾಚಿದೇವನು ಶರಣರ ಬಟ್ಟೆಯ ಕೊಳೆಯನ್ನು ಕಳೆದನು. ಅವನ ಮುಂದೆ ಬಸವಣ್ಣನವರೂ ತಲೆಬಾಗಿದರು. ಕೊಳೆಯನ್ನು ಕಳೆಯುವವನು ಕೀಳಲ್ಲ, ಕೊಳೆಯನ್ನು ಮಾಡಿ ಮರೆಯುವವನು ಹಿರಿಯನಲ್ಲ ಎಂಬುದು ಆ ನಡೆಯ ತಾತ್ಪರ್ಯ. ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಹೆಚ್ಚಿನದನ್ನು ಹಿಂದಿರುಗಿಸಿ ಬರುವಂತೆ ಹೇಳಿದಳು. ಆ ಪ್ರಸಂಗವನ್ನು ನೀರಿಗೂ ಅನ್ವಯಿಸಿಕೊಳ್ಳಬಹುದು. ಬೇಕಾದಷ್ಟೇ ತೆಗೆದುಕೊಳ್ಳುವುದು ಮೊದಲನೆಯ ನೇಮ. ತೆಗೆದುಕೊಂಡುದನ್ನು ಕೆಡಿಸದೆ ಹಿಂದಿರುಗಿಸುವುದು ಎರಡನೆಯ ನೇಮ. ನಲ್ಲಿಯನ್ನು ತೆರೆದಿಟ್ಟು ಮರೆಯುವ ಮನೆಯಲ್ಲಿ ಲಕ್ಕಮ್ಮನಿದ್ದಿದ್ದರೆ ಸುಮ್ಮನಿರುತ್ತಿದ್ದಳೆ?

ಹಿಂದಿರುಗಿಸುವ ಬಗೆಯು ದುಬಾರಿಯೂ ಅಲ್ಲ, ಗಹನವೂ ಅಲ್ಲ. ಬಚ್ಚಲ ನೀರನ್ನೂ ಶೌಚದ ನೀರನ್ನೂ ಎಂದಿಗೂ ಕೂಡಿಸಬಾರದು ಎಂಬುದೇ ಇದರಲ್ಲಿ ಮೊದಲ ಪಾಠ. ಮಿಂದ, ತೊಳೆದ, ಒಗೆದ ನೀರಿನಲ್ಲಿ ಸಾಬೂನು, ಜಿಡ್ಡು, ಮಣ್ಣು ಇರುತ್ತವೆ. ಅದು ಬೇಗನೆ ತಿಳಿಯಾಗಬಲ್ಲದು. ಇದನ್ನು ಮೊದಲು ಒಂದು ಚಿಕ್ಕ ತೊಟ್ಟಿಗೆ ಬಿಡಬೇಕು. ಅಲ್ಲಿ ಮಣ್ಣು ತಳಕ್ಕಿಳಿಯುತ್ತದೆ, ಜಿಡ್ಡು ಮೇಲೆ ತೇಲುತ್ತದೆ. ನಡುವಿನ ನೀರು ಕೊಳವೆಯ ಮೂಲಕ ಇಂಗುಗುಂಡಿಗೆ ಹೋಗಬೇಕು. ನಾಲ್ಕು ಅಡಿ ಉದ್ದ, ನಾಲ್ಕು ಅಡಿ ಅಗಲ, ನಾಲ್ಕು ಅಡಿ ಆಳದ ಗುಂಡಿಗೆ ತಳದಲ್ಲಿ ದಪ್ಪ ಕಲ್ಲು, ಮೇಲೆ ಸಣ್ಣ ಕಲ್ಲು ತುಂಬಿ ಮುಚ್ಚಿದರೆ ಒಂದು ಸಂಸಾರದ ನೀರನ್ನು ಸಡಿಲವಾದ ನೆಲವು ಕುಡಿಯಬಲ್ಲದು. ಮಣ್ಣಿನ ಕಣಗಳ ನಡುವೆ ಇಳಿಯುವಾಗ ಕೊಳೆಯು ಸೋಸಿಹೋಗುತ್ತದೆ; ಉಳಿದುದನ್ನು ಮಣ್ಣಿನೊಳಗಿನ ಸೂಕ್ಷ್ಮಜೀವಿಗಳು ತಿಂದು ಕರಗಿಸುತ್ತವೆ. ತೊಟ್ಟಿಯಲ್ಲಿ ನಿಂತ ಹೂಳನ್ನು ಆಗಾಗ ತೆಗೆಯುವ ನೇಮವನ್ನು ಮಾತ್ರ ತಪ್ಪಿಸಬಾರದು. ತಪ್ಪಿಸಿದರೆ ಗುಂಡಿಯು ಕಟ್ಟಿಕೊಳ್ಳುತ್ತದೆ. ಬೀದರ ಜಿಲ್ಲೆಗೆ ನೆರೆಯಾದ ಮಹಾರಾಷ್ಟ್ರದ ನಾಂದೇಡ ಜಿಲ್ಲೆಯ ಟೆಂಭುರ್ಣಿ ಎಂಬ ಹಳ್ಳಿಯು ಮನೆಮನೆಗೂ ಇಂತಹ ಗುಂಡಿಗಳನ್ನು ತೋಡಿ, ಕೊಳಚೆ ನಿಲ್ಲದ, ಸೊಳ್ಳೆಯ ಕಾಟವಿಲ್ಲದ ಊರೆಂದು ಹೆಸರು ಪಡೆಯಿತು.

ಎಲ್ಲ ನೆಲವೂ ಒಂದೇ ಬಗೆಯದಲ್ಲ. ಎರೆಯ ಭೂಮಿಯು ನೆನೆದಾಗ ಉಬ್ಬಿ ತನ್ನ ಬಿರುಕುಗಳನ್ನು ಮುಚ್ಚಿಕೊಳ್ಳುತ್ತದೆ. ಅಲ್ಲಿ ಗುಂಡಿಯ ನೀರು ಬೇಗ ಇಂಗದು. ಅಂತಹ ಕಡೆ ತೊಟ್ಟಿಯಿಂದ ಹೊರಟ ನೀರನ್ನು ಅಗಲವಾದ ಪಾತಿಗೆ ಹರಿಯಿಸಿ ಬಾಳೆ, ಕೆಸು, ಕಾಬಾಳೆಗಳನ್ನು ಬೆಳೆಯಬೇಕು. ಇವು ನೀರನ್ನು ಬಹಳವಾಗಿ ಹೀರುವ ಗಿಡಗಳು; ಇವುಗಳ ಬೇರಿನ ಸುತ್ತ ಕೊಳೆಯನ್ನು ಕರಗಿಸುವ ಜೀವಿಗಳು ನೆಲೆಸುತ್ತವೆ. ಈ ನೀರನ್ನು ಅಂದಂದೇ ಬಿಡಬೇಕು, ಕೂಡಿಟ್ಟರೆ ನಾರುತ್ತದೆ. ಹಸಿಯಾಗಿ ತಿನ್ನುವ ಸೊಪ್ಪಿಗೆ ಇದನ್ನು ಹಾಯಿಸಬಾರದು. ಇಷ್ಟು ಎಚ್ಚರವಿದ್ದರೆ, ನಿನ್ನೆಯವರೆಗೆ ನೆರೆಯವನ ಬಾಗಿಲಿಗೆ ಹೋಗುತ್ತಿದ್ದ ಕೊಳೆಯು ಇಂದು ಗೊನೆಯಾಗಿ ಬಾಗುತ್ತದೆ. ಆ ಗೊನೆಯ ಮೊದಲ ಹಣ್ಣು ಆ ನೆರೆಯವನ ಮನೆಗೇ ಹೋದರೆ ಅದು ದಾಸೋಹ.

ಶೌಚದ ನೀರಿನ ಮಾತು ಬೇರೆ. ಅದು ರೋಗಾಣುಗಳ ತವರು. ಅದಕ್ಕೆ ಹಳ್ಳಿಯ ಮನೆಯಲ್ಲಿ ತಕ್ಕುದು ಎರಡು ಗುಂಡಿಗಳ ಶೌಚಾಲಯ. ಒಂದು ಗುಂಡಿ ತುಂಬಿದ ಮೇಲೆ ಅದನ್ನು ಮುಚ್ಚಿ ಇನ್ನೊಂದಕ್ಕೆ ದಾರಿ ತಿರುಗಿಸಬೇಕು. ಮುಚ್ಚಿದ ಗುಂಡಿಯು ಎರಡು ವರ್ಷ ಸುಮ್ಮನಿದ್ದರೆ ಒಳಗಿನದು ವಾಸನೆಯಿಲ್ಲದ ಮಣ್ಣಾಗುತ್ತದೆ. ಒಕ್ಕಲಿಗನು ಅದನ್ನು ತಾನೇ ಎತ್ತಿ ಹೊಲಕ್ಕೆ ಹಾಕಬಹುದು. ಕುಡಿಯುವ ನೀರಿನ ಬಾವಿಗೂ ಈ ಗುಂಡಿಗಳಿಗೂ ಕನಿಷ್ಠ 10 ಮೀಟರು ಅಂತರವಿರಲಿ. ಅಂತರ್ಜಲವು ಮೇಲಿರುವ ಕಡೆ ಇನ್ನೂ ಹೆಚ್ಚಿನ ಎಚ್ಚರವಿರಲಿ.

ಈ ಎರಡು ಗುಂಡಿಗಳ ಏರ್ಪಾಡಿನಲ್ಲಿ ಅಡಗಿರುವ ಧರ್ಮವು ದೊಡ್ಡದು. ಇಲ್ಲಿ ಒಬ್ಬನ ಹೇಸಿಗೆಗೆ ಇನ್ನೊಬ್ಬನನ್ನು ಇಳಿಸಬೇಕಾಗಿಲ್ಲ. ಮುಚ್ಚಿದ ಮಲದ ತೊಟ್ಟಿಗಳಲ್ಲಿ ವಿಷವಾಯು ತುಂಬಿರುತ್ತದೆ. ಒಳಗಿಳಿದವನು ಕೆಲವೇ ನಿಮಿಷಗಳಲ್ಲಿ ಪ್ರಾಣ ಬಿಡುವನು, ಅವನನ್ನು ಉಳಿಸಲು ಇಳಿದವನೂ ಅವನೊಡನೆಯೇ ಹೋಗುವನು. ಮಲ ಹೊರಿಸುವ ಪದ್ಧತಿಯನ್ನು 1993ರ ಕಾಯಿದೆ ನಿಷೇಧಿಸಿತು. ತೊಟ್ಟಿ ಮತ್ತು ಒಳಚರಂಡಿಗಳಿಗೆ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯಿದೆ ಅಪರಾಧವೆಂದಿತು. ಹಾಗೆ ಸತ್ತವರ ಮನೆಯವರಿಗೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2023ರಲ್ಲಿ ಸರ್ವೋಚ್ಚ ನ್ಯಾಯಾಲಯವು ವಿಧಿಸಿತು. ಕಾಯಿದೆಯು ಇಷ್ಟು ಮಾಡಿದೆ. ಆದರೂ 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ, ತಲೆಮಾರುಗಳಿಂದ ಊರಿನ ಮಲವನ್ನು ಎತ್ತುತ್ತಿದ್ದ ಕುಟುಂಬದವರು ತಮ್ಮ ಅಳಲನ್ನು ಕೇಳುವವರಿಲ್ಲದೆ, ನಡುಬೀದಿಯಲ್ಲಿ ಆ ಮಲವನ್ನೇ ತಮ್ಮ ಮೈಮೇಲೆ ಸುರಿದುಕೊಂಡು ನಿಂತರು. ಮಠಮಾನ್ಯಗಳು ತುಂಬಿದ ನಾಡಿನಲ್ಲಿ, ಜಾತಿಸೂತಕವಿಲ್ಲವೆಂದು ಸಾರಿದ ಶರಣರ ನಾಡಿನಲ್ಲಿ ಅದು ನಡೆಯಿತು. ಆ ದಿನ ಮೈಲಿಗೆಯಾದುದು ಅವರ ಮೈಯಲ್ಲ; ನೋಡಿಯೂ ನೋಡದಂತಿದ್ದ ಸಮಾಜದ ಮನಸ್ಸು.

ಒಂದು ಮನೆಯ ಕೆಲಸವು ಹೀಗಾದರೆ, ಇಡೀ ಊರಿನ ಕೆಲಸವನ್ನು ಧರ್ಮಕಾರ್ಯವೆಂದು ಕೈಗೆತ್ತಿಕೊಂಡ ನಿದರ್ಶನವೂ ಈ ದೇಶದಲ್ಲಿ ಉಂಟು. ಅದು ಪಂಜಾಬಿನದು. ಅಲ್ಲಿ ಕಾಲೀ ಬೇಯಿಂ ಎಂಬ, ಸುಮಾರು 160 ಕಿಲೋಮೀಟರು ಹರಿಯುವ ಹೊಳೆಯಿದೆ. ಸುಲ್ತಾನಪುರ ಲೋಧಿಯಲ್ಲಿದ್ದಾಗ ಗುರುನಾನಕರು ಈ ಹೊಳೆಯಲ್ಲಿ ಮಿಂದು ಜ್ಞಾನೋದಯವನ್ನು ಪಡೆದರೆಂದು ಸಿಖ್ಖರು ನಂಬುತ್ತಾರೆ. ಅಂತಹ ಪವಿತ್ರ ಹೊಳೆಗೆ ದಂಡೆಯ ಹಳ್ಳಿಗಳೂ ಪಟ್ಟಣಗಳೂ ತಮ್ಮ ಕೊಳಚೆಯನ್ನು ಬಿಟ್ಟು, ಹೊಳೆಯು ಕಳೆ ತುಂಬಿದ ಚರಂಡಿಯಾಗಿತ್ತು. ಜನರು ಅದಕ್ಕೆ ಕೈಮುಗಿಯುತ್ತಿದ್ದರು, ಕೊಳಚೆಯನ್ನೂ ಬಿಡುತ್ತಿದ್ದರು. 2000ನೆಯ ಇಸವಿಯಲ್ಲಿ ಜಲಂಧರ ಜಿಲ್ಲೆಯ ಸೀಚೇವಾಲ ಗ್ರಾಮದ ಸಂತ ಬಲಬೀರ ಸಿಂಗರು ತಾವೇ ನೀರಿಗಿಳಿದು ಕಳೆ ಕೀಳತೊಡಗಿದರು. ಅವರ ಹಿಂದೆ ಭಕ್ತರು ಇಳಿದರು. ಸಿಖ್ಖರು ಇದನ್ನು ಕಾರಸೇವೆ ಎನ್ನುತ್ತಾರೆ. ಶರಣರ ಮಾತಿನಲ್ಲಿ ಹೇಳುವುದಾದರೆ ಕಾಯಕವೂ ಇದೇ, ದಾಸೋಹವೂ ಇದೇ.

ಕಳೆ ಕಿತ್ತ ಮಾತ್ರಕ್ಕೆ ಹೊಳೆ ಶುದ್ಧವಾಗದು, ಮೇಲಿನಿಂದ ಕೊಳಚೆ ಬರುವುದು ನಿಲ್ಲಬೇಕೆಂದು ಆ ಸಂತರು ಕಂಡರು. ಆದುದರಿಂದ ಹಳ್ಳಿಯ ಕೊಳಚೆಯನ್ನು ನೆಲದೊಳಗಿನ ಕೊಳವೆಗಳಲ್ಲಿ ಊರ ಹೊರಗೆ ತಂದು, ಒಂದರ ನಂತರ ಒಂದು ಬಾವಿಗೆ ಹಾಯಿಸಿದರು. ಮೊದಲ ಬಾವಿಯಲ್ಲಿ ನೀರು ಸುಳಿಯಾಗಿ ತಿರುಗಿ ಭಾರವಾದುದು ತಳಕ್ಕೆ ಕೂರುತ್ತದೆ. ಮುಂದಿನದರಲ್ಲಿ ಜಿಡ್ಡು, ನೊರೆಗಳು ಮೇಲೆ ನಿಂತು ಬೇರೆಯಾಗುತ್ತವೆ. ಆಮೇಲೆ ನೀರು ತೆರೆದ ಕೊಳಕ್ಕೆ ಹೋಗಿ ಬಿಸಿಲು ಗಾಳಿಗಳಲ್ಲಿ ನಿಲ್ಲುತ್ತದೆ. ಕೊಳದ ಪಾಚಿಯು ಬಿಸಿಲಿನಲ್ಲಿ ಆಮ್ಲಜನಕವನ್ನು ಬಿಡುತ್ತದೆ. ಆ ಆಮ್ಲಜನಕದಿಂದ ಸೂಕ್ಷ್ಮಜೀವಿಗಳು ಉಳಿದ ಕೊಳೆಯನ್ನು ಉಣ್ಣುತ್ತವೆ. ಕೊನೆಗೆ ಆ ನೀರು ಹೊಲಗಳಿಗೆ ಹಾಯುತ್ತದೆ, ಬೆಳೆಗೆ ಗೊಬ್ಬರವೂ ನೀರೂ ಒಟ್ಟಿಗೇ ಸಿಗುತ್ತವೆ. ಈ ಏರ್ಪಾಡು ಸೀಚೇವಾಲದ ಮಾದರಿ ಎಂದೇ ಹೆಸರಾಯಿತು. 2017ರಲ್ಲಿ ಆ ಸಂತರಿಗೆ ಪದ್ಮಶ್ರೀ ಗೌರವವೂ ಸಂದಿತು. ಹಾಗೆಂದು ಕೆಲಸವು ಮುಗಿಯಲಿಲ್ಲ. ಮುಂದೆಯೂ ಪಟ್ಟಣಗಳ ಕೊಳಚೆ ಹೊಳೆಗೆ ನುಗ್ಗಿ ಮೀನುಗಳು ಸತ್ತುದುಂಟು. ಸೇವೆಯವರು ಮತ್ತೆ ನೀರಿಗಿಳಿದರು. ನಿತ್ಯಪೂಜೆಯು ಒಂದು ದಿನ ಮಾಡಿ ಬಿಡುವುದಲ್ಲ. ಹಾಗೆಯೇ ಈ ಶುದ್ಧಿಯೂ ನಿತ್ಯದ್ದು.

ಇಲ್ಲಿ ಒಬ್ಬ ಸಾಧಕನು ಆಕ್ಷೇಪವೆತ್ತಬಹುದು. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮನನ್ನು ಅಲ್ಲಮಪ್ರಭುವು ಒಡ್ಡನೆಂದು ಕರೆದು ಎಚ್ಚರಿಸಲಿಲ್ಲವೆ? ಹೊರಗಿನ ಮಣ್ಣು ಕಲ್ಲುಗಳ ಕೆಲಸದಿಂದ ಮುಕ್ತಿಯಿಲ್ಲವೆಂಬುದಲ್ಲವೆ ಅದರ ಅರ್ಥ? ಈ ಆಕ್ಷೇಪವು ತಳ್ಳಿಹಾಕುವಂತಹುದಲ್ಲ. ಪ್ರಭುವು ಜರೆದುದು ಕೆರೆಯನ್ನಲ್ಲ. “ನಾನು ಕಟ್ಟಿಸಿದೆ” ಎಂಬ ಹಮ್ಮನ್ನು. ಆ ಹಮ್ಮು ಕರಗಿದ ಮೇಲೆ ಸಿದ್ಧರಾಮನು ಕಲ್ಯಾಣಕ್ಕೆ ಹೋಗಿ ಚನ್ನಬಸವಣ್ಣನವರಿಂದ ಇಷ್ಟಲಿಂಗವನ್ನು ಪಡೆದು ಶಿವಯೋಗಿಯಾದನು. ಕೆರೆಯನ್ನು ಯಾರೂ ಮುಚ್ಚಿಸಲಿಲ್ಲ. ಅದು ಸೊಲ್ಲಾಪುರದಲ್ಲಿ ಇಂದಿಗೂ ಇದೆ. ಕೆರೆ ಕಟ್ಟಿದವನಿಗೆ ಹೆಸರಾದರೂ ಬರುತ್ತದೆ. ಇಂಗುಗುಂಡಿ ತೋಡಿದವನಿಗೆ ಯಾರೂ ಕಲ್ಲಿನ ಮೇಲೆ ಹೆಸರು ಕೆತ್ತಿಸುವುದಿಲ್ಲ. ಅದು ಮಣ್ಣಿನೊಳಗೆ ಮುಚ್ಚಿಹೋಗುವ ಕೆಲಸ. ಹಮ್ಮಿಗೆ ಎಡೆಯೇ ಇಲ್ಲದ ಈ ಕಾಯಕವು ಸಾಧಕನಿಗೆ ತಕ್ಕ ಕಾಯಕವೇ ಸರಿ. ಒಳಗನ್ನು ತೊಳೆಯದೆ ಹೊರಗನ್ನು ತೊಳೆದರೆ ಅದು ತೋರಿಕೆ. ಹೊರಗನ್ನು ಕೆಡಿಸುತ್ತ ಒಳಗು ಶುದ್ಧವೆಂದರೆ ಅದು ಸುಳ್ಳು.

ಮನೆಗೆ ಹೇಳುವ ಮಾತು ಮಠಕ್ಕೂ ಸಲ್ಲುತ್ತದೆ; ಮೊದಲು ಸಲ್ಲತಕ್ಕುದೂ ಅಲ್ಲಿಗೇ. ಜಾತ್ರೆಯ ದಿನಗಳಲ್ಲಿ ಮಠದ ದಾಸೋಹದಲ್ಲಿ ಸಾವಿರಾರು ಜನರು ಪ್ರಸಾದ ಸ್ವೀಕರಿಸುತ್ತಾರೆ. ಒಲೆಯ ಮುಂದೆ ನಿಂತು ಎಣಿಸುವವರು ಅಕ್ಕಿಯ ಚೀಲಗಳನ್ನು ಎಣಿಸುತ್ತಾರೆ. ಹಂಡೆಗಳನ್ನು ತೊಳೆದ ನೀರು ಎಲ್ಲಿಗೆ ಹೋಯಿತೆಂದು ಯಾರು ಎಣಿಸುತ್ತಾರೆ? ಅದು ಮಠದ ಹಿಂದಿನ ಹಳ್ಳಕ್ಕೆ ಹೋಗಿ, ಹಳ್ಳದಿಂದ ಯಾರದೋ ಬಾವಿಗೆ ಹೋದರೆ, ಅನ್ನದ ದಾಸೋಹದ ಬೆನ್ನಿಗೆ ರೋಗದ ದಾಸೋಹವೂ ನಡೆದಂತಾಯಿತು. ದಾಸೋಹದ ಮನೆಯ ಹಿಂದೆ ಜಿಡ್ಡು ತಡೆಯುವ ಒಂದು ತೊಟ್ಟಿ, ಅದರಾಚೆ ಒಂದು ಕೊಳ, ಕೊಳದ ನೀರಿನಿಂದ ಬೆಳೆದ ಒಂದು ಬಾಳೆಯ ತೋಟ ಇರುವುದಾದರೆ, ಬಂದ ಭಕ್ತರಿಗೆ ಅದೇ ಒಂದು ಪ್ರವಚನವಾಗುತ್ತದೆ. ಆ ತೋಟದ ಎಲೆಯಲ್ಲಿಯೇ ಮರುವರ್ಷದ ಪ್ರಸಾದ ಬಡಿಸಬಹುದು.

ಆದುದರಿಂದ ಸದ್ಭಕ್ತನಾದ ಗೃಹಸ್ಥನು ನಾಳಿನ ಬೆಳಗ್ಗೆ ಪೂಜೆಗೆ ಕುಳಿತುಕೊಳ್ಳುವ ಮುನ್ನ ಒಮ್ಮೆ ತನ್ನ ಬಚ್ಚಲ ತೂಬಿನ ಬಳಿ ನಿಂತು, ಹೊರಬರುವ ನೀರಿನ ಹಿಂದೆಯೇ ನಡೆದುಹೋಗಲಿ. ಅದು ಎಲ್ಲಿ ತಿರುಗುತ್ತದೆ, ಯಾರ ಬಾಗಿಲ ಮುಂದೆ ನಿಲ್ಲುತ್ತದೆ, ಅಲ್ಲಿ ಯಾರ ಮಕ್ಕಳು ಆಡುತ್ತಾರೆ ಎಂಬುದನ್ನು ಕಣ್ಣಾರೆ ಕಾಣಲಿ. ಕಂಡ ಮೇಲೆ ಏನು ಮಾಡಬೇಕೆಂಬುದನ್ನು ಬೇರೆಯವರು ಹೇಳಬೇಕಾಗದು. ಗುದ್ದಲಿಯನ್ನು ತಾನೇ ಹಿಡಿಯಲಿ; ಕೂಲಿಯವನನ್ನು ಕರೆದರೂ ಅವನೊಡನೆ ತಾನೂ ಮಣ್ಣು ಎತ್ತಲಿ. ಪಾದೋದಕವನ್ನು ಹಿಡಿದ ಅಂಗೈಗೆ ಆ ಮಣ್ಣಿನಿಂದ ಮೈಲಿಗೆಯಿಲ್ಲ. ಬಂದಾಗ ಕರುಣೆಯಾಗಿದ್ದ ನೀರು ಹೋಗುವಾಗಲೂ ಕರುಣೆಯಾಗಿಯೇ ಹೋಗಲಿ. ಮೇಲಿನ ಬೀದಿಗೂ ಕೆಳಗಿನ ಕೇರಿಗೂ ಒಂದೇ ತಿಳಿನೀರು ದೊರೆಯಲಿ. ಇಂತಹ ಸದ್ಬುದ್ಧಿಯನ್ನು ಪರಶಿವನು ಸಕಲ ಭಕ್ತರಿಗೂ ಕರುಣಿಸಲಿ.